ಲೆಕ್ಕ ಬಯಲಿಗೆ ಬಿದ್ದ ಶನಿವಾರಗಳು

ಗಣಿತದ ಟೀಚರ್ ಜೀವನದಲ್ಲಿ ನಗುವಂಥದ್ದು ಏನೂ ನಡೆಯುವುದಿಲ್ಲ ಎಂದು ನಾನೂ ನಂಬಿಕೊಂಡಿದ್ದೆ. ಹದಿನೆಂಟು ವರ್ಷ ನಾಲ್ಕು ಗೋಡೆಯೊಳಗೆ ಪಾಠ ಮಾಡಿದೆ, ಒಮ್ಮೆಯೂ ನಕ್ಕಿದ್ದು ನೆನಪಿಲ್ಲ. ಮಕ್ಕಳನ್ನು ಕರೆದುಕೊಂಡು ಹೊಸಿಲು ದಾಟಿದ್ದೇ ತಡ, ವಾರಕ್ಕೊಂದು ಎಡವಟ್ಟು ಕಾಯಂ ಆಗಿಬಿಟ್ಟಿತು.

ನನ್ನದು ತೂಬಗೆರೆ ಹೋಬಳಿಯ ಒಂದು ಹಳ್ಳಿಯ ಸರ್ಕಾರಿ ಶಾಲೆ. ದೊಡ್ಡಬಳ್ಳಾಪುರದಿಂದ ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತೇನೆ. ಏಳನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಲೆಕ್ಕದ ಪೀರಿಯಡ್ಡಿನಲ್ಲಿ ಏನು ಕೇಳಿದರೂ ಬಾಯಿ ಬಿಡದೆ ಚಾವಣಿ ನೋಡುತ್ತಿದ್ದಳು, ಉತ್ತರವನ್ನು ಯಾರೋ ಹೆಂಚಿನ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದಾರೆ ಎನ್ನುವ ಹಾಗೆ. ಇವಳಿಗೆ ಲೆಕ್ಕ ಹತ್ತುವುದಿಲ್ಲ ಎಂದು ನಾನು ತೀರ್ಮಾನ ಮಾಡಿಯಾಗಿತ್ತು. ಒಂದು ದಿನ ಊಟದ ಬಿಡುವಿನಲ್ಲಿ ನೋಡುತ್ತೇನೆ, ಅದೇ ಹುಡುಗಿ ಹೊರಗೆ ಮಣ್ಣಿನಲ್ಲಿ ಒಂದು ಕಡ್ಡಿ, ಒಂದು ದಾರ ಇಟ್ಟುಕೊಂಡು ಆರು ಎಸಳಿನ ಹೂವು ಬರೆಯುತ್ತಿದ್ದಾಳೆ. ವೃತ್ತವನ್ನು ಆರು ಸಮಭಾಗ ಮಾಡುವುದನ್ನು ನಾನಂತೂ ಹೇಳಿಕೊಟ್ಟಿರಲಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು.

ಅವತ್ತೇ ಹೋಗಿ ಹೆಡ್‌ಮಾಸ್ಟರನ್ನು ಕೇಳಿದೆ. ಶನಿವಾರದ ಲೆಕ್ಕದ ಪಾಠ ಹೊರಗೆ ಮಾಡುತ್ತೇನೆ, ದಾರ, ಬಣ್ಣ, ಕಾಗದ, ಹೂವು ಇಟ್ಟುಕೊಂಡು ಎಂದೆ. ಅವರಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಆ ಎರಡು ವರ್ಷ ಯಾವ ಕಾಗದವೂ ಬಾರದೆ ಕಳೆದರೆ ಸಾಕು ಎನ್ನುವುದೊಂದೇ ಅವರ ಪ್ರಾರ್ಥನೆ. ಒಂದು ಷರತ್ತು ಹಾಕಿದರು.

“ಬಾಯಲ್ಲಿ ಬಂದ ದೂರನ್ನ ಬಾಯಲ್ಲೇ ಮುಗಿಸ್ತೀನಿ ಮೇಡಮ್. ಕಾಗದದಲ್ಲಿ ಒಂದು ಬಂದ್ರೆ ನೀವು ಮತ್ತೆ ಒಳಗೆ.”

ಒಪ್ಪಿಕೊಂಡೆ. ಅವತ್ತಿನಿಂದ ಊರಿನಲ್ಲಿ ಯಾರ ಕೈಯಲ್ಲಿ ಕಾಗದ ಕಂಡರೂ ಸ್ಕೂಟರು ಬೇರೆ ಬೀದಿಗೆ ತಿರುಗಿಸುತ್ತಿದ್ದೆ.

ಇಪ್ಪತ್ತೆರಡು ಬೈ ಏಳು

ಮೊದಲ ಶನಿವಾರ ವೃತ್ತ. ಶಾಲೆಯ ಹಿಂದಿನ ಬಯಲಿನಲ್ಲಿ ಗೂಟ ಹೊಡೆದು, ಹಗ್ಗ ಕಟ್ಟಿ, ಸುಣ್ಣದ ಪುಡಿಯಲ್ಲಿ ಒಂದು ಕಣದಷ್ಟು ದೊಡ್ಡ ವೃತ್ತ ಎಳೆದೆವು. ಬಣ್ಣಕ್ಕೆ ದುಡ್ಡಿರಲಿಲ್ಲ, ಇಟ್ಟಿಗೆ ಪುಡಿ ಮತ್ತು ಅಡುಗೆಯವರ ಹತ್ತಿರ ಬೇಡಿ ತಂದ ಅರಿಶಿನದಲ್ಲೇ ಒಳಗೆ ಎಸಳು ತುಂಬಿದೆವು. ವೃತ್ತದ ಅಡ್ಡಳತೆಯ ಹಗ್ಗ ಸುತ್ತಳತೆಯ ಮೇಲೆ ಮೂರು ಸಲ ಕೂತು ಇನ್ನೂ ಚೂರು ಜಾಗ ಉಳಿಯುತ್ತದೆ ಎಂಬುದನ್ನು ಮಕ್ಕಳೇ ಕಂಡುಹಿಡಿದು ಕುಣಿದಾಡಿದರು. ಅಷ್ಟರಲ್ಲಿ ಬೆಲ್ಲಾಯಿತು, ಅರ್ಧ ದಿನದ ಶಾಲೆ, ಎಲ್ಲರೂ ಓಡಿದೆವು. ಗೂಟ ಅಲ್ಲೇ ಉಳಿಯಿತು. ಯಾರೋ ಒಬ್ಬ ಉಪ್ಪುಕಾರ ಹಚ್ಚಿಕೊಂಡು ನೆಕ್ಕುತ್ತಿದ್ದ ಅರ್ಧ ನಿಂಬೆಹಣ್ಣನ್ನು ಗೂಟದ ಪಕ್ಕ ಬಿಟ್ಟುಹೋಗಿದ್ದ.

ಸೋಮವಾರ ಬಂದು ನೋಡಿದರೆ ಊರೇ ಶಾಲೆಯ ಹಿಂದೆ ನಿಂತಿದೆ. ಹೊಲಕ್ಕೆ ಹೋಗುವ ದಾರಿ ಅದೇ ಬಯಲಿನ ಮೇಲೆ. ಬೆಳಗ್ಗೆಯಿಂದ ಒಬ್ಬರೂ ದಾಟಿಲ್ಲ. ಹಾಲಿನ ಕ್ಯಾನು ಹೊತ್ತವರು, ಟ್ರ್ಯಾಕ್ಟರಿನವನು ಎಲ್ಲರೂ ಕೆರೆ ಏರಿ ಸುತ್ತಿಕೊಂಡು ಹೋಗಿದ್ದಾರೆ. ಸುಣ್ಣ, ಅರಿಶಿನ, ಕೆಂಪು ಪುಡಿ, ನಡುವೆ ಗೂಟ, ಕುಯ್ದ ನಿಂಬೆಹಣ್ಣು. ಶಾಲೆಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ಹೆಡ್‌ಮಾಸ್ಟರೂ ನನ್ನ ಕಿವಿಯಲ್ಲಿ ಹೇಳಿದರು.

ಅದು ನಾನೇ ಮಾಡಿದ್ದು ಎಂದು ಹೇಳಲು ಬಾಯಿ ತೆರೆದೆ, ಹೇಳಿದರೆ ಇನ್ನೂ ಕೆಡುತ್ತದೆ ಎಂದು ಮುಚ್ಚಿಕೊಂಡೆ. ಸುಮ್ಮನೆ ವೃತ್ತದೊಳಗೆ ನಡೆದುಹೋಗಿ, ಹಗ್ಗ ಹಿಡಿದು, ಎಲ್ಲರಿಗೂ ಅರ್ಥವಾಗಲಿ ಎಂದು ಗಟ್ಟಿಯಾಗಿ ಅಳೆದು ತೋರಿಸಿದೆ. ಒಂದು, ಎರಡು, ಮೂರು, ಇನ್ನು ಚೂರು. ಅಂದರೆ ಇಪ್ಪತ್ತೆರಡು ಬೈ ಏಳು. ಆಮೇಲೆ ಗೂಟ ಕಿತ್ತು, ಕಾಲಿನಿಂದ ಎಲ್ಲ ಅಳಿಸಿದೆ. ಜನ ನಿಟ್ಟುಸಿರು ಬಿಟ್ಟು ಕೈಮುಗಿದರು. ಪಾಠ ಇಷ್ಟು ಚೆನ್ನಾಗಿ ಮುಟ್ಟಿತಲ್ಲ ಎಂದು ನನಗೂ ನೆಮ್ಮದಿಯಾಯಿತು.

ವಾರ ಬಿಟ್ಟು ಒಬ್ಬ ಹೆಂಗಸು ಸ್ಟಾಫ್‌ರೂಮಿಗೆ ಬಂದಳು. ಮೂರು ದಿನದಿಂದ ಹಸು ಒದೆಯುತ್ತಿದೆ, ಹತ್ತಿರ ಸೇರಿಸುತ್ತಿಲ್ಲ ಎಂದಳು.

“ನೀವು ಬರೋದೇನೂ ಬೇಡ ಮೇಡಮ್ನೋರೆ. ಆ ಇಪ್ಪತ್ತೆರಡು ಬೈ ಏಳನ್ನ ಒಂದು ಚೀಟೀಲಿ ಬರ್ಕೊಟ್ರೆ ಸಾಕು, ಕೊರಳಿಗೆ ಕಟ್ತೀನಿ.”

ಬರೆದುಕೊಟ್ಟೆ. ಹಸು ಸರಿಹೋಯಿತಂತೆ. ದಶಮಾಂಶದಲ್ಲಿ ಬರೆಯಲಿಲ್ಲ, ಅದು ಮುಗಿಯುವುದೇ ಇಲ್ಲವಲ್ಲ, ಹಸುವಿನ ಕೊರಳು ಸಾಲುತ್ತಿರಲಿಲ್ಲ.

ಮುಕ್ಕಾಲು ಗಿಳಿ

ಮುಂದಿನದು ಭಾಗಾಕಾರ. ಕಾಂಪೌಂಡ್ ಗೋಡೆಯ ಉದ್ದಕ್ಕೂ ಗಿಳಿಗಳ ಸಾಲು ಬರೆಯುವುದು, ಗೋಡೆಗೆ ಎಷ್ಟು ಗಿಳಿ ಹಿಡಿಸುತ್ತವೆ ಎಂದು ಮೊದಲೇ ಲೆಕ್ಕ ಹಾಕುವುದು. ಅಳೆಯುವ ಟೇಪು ಬೀರುವಿನಲ್ಲಿತ್ತು, ಬೀರುವಿನ ಕೀಲಿ ಹೆಡ್‌ಮಾಸ್ಟರ ಮನೆಯಲ್ಲಿತ್ತು. ಮಕ್ಕಳು, ಅದಕ್ಕೇನಂತೆ ಮಿಸ್, ನಮ್ಮಮ್ಮ ಹೂವು ಮಾರೋದು ಮೊಳದಲ್ಲೇ ಅಲ್ವಾ ಎಂದರು. ಸರಿ ಎಂದೆ. ಆ ಸರಿ ಎಂಬುದೇ ನನ್ನ ತಪ್ಪು.

ಗೋಡೆ ಅಳೆದವನು ಕ್ಲಾಸಿಗೇ ಉದ್ದನೆಯ ಹುಡುಗ. ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ನಲವತ್ತೆಂಟು ಮೊಳ ಎಂದ. ಗಿಳಿಗೆ ಎರಡು ಮೊಳ, ಅಂದರೆ ಇಪ್ಪತ್ತನಾಲ್ಕು ಗಿಳಿ. ಲೆಕ್ಕ ಹೂ ಎತ್ತಿದಷ್ಟು ಸಲೀಸಾಗಿ ಮುಗಿಯಿತು. ಆದರೆ ಮುಂದಿನ ಶನಿವಾರ ಮನೆಗಳಲ್ಲಿ ಉಳಿದಿದ್ದ ಬಣ್ಣ ತಂದು ನಿಂತವರು ಹುಡುಗಿಯರು. ಅವರು ಎರಡೆರಡು ಮೊಳ ಅಳೆದುಕೊಂಡದ್ದು ಅವರವರ ಕೈಯಲ್ಲಿ. ಇಪ್ಪತ್ತನಾಲ್ಕು ಗಿಳಿ ಮುಗಿದರೂ ಗೋಡೆ ಮುಗಿಯಲಿಲ್ಲ. ಬರೆಯುತ್ತಾ ಹೋದರು. ಇಪ್ಪತ್ತೇಳು ಗಿಳಿಯಾಗಿ ಇನ್ನೊಂದಕ್ಕೆ ಕೊಕ್ಕು, ಹೊಟ್ಟೆ, ರೆಕ್ಕೆ ಬರೆಯುವಷ್ಟರಲ್ಲಿ ಗೇಟು ಬಂತು. ಬಾಲಕ್ಕೆ ಜಾಗವಿಲ್ಲ.

ಹೆಡ್‌ಮಾಸ್ಟರು ಬಂದು ಆ ಮೋಟು ಗಿಳಿಯ ಮುಂದೆ ನಿಂತು, ಇದೇನು ಎಂದು ಕೇಳಿದರು. ಚಾವಣಿ ನೋಡುವ ನಮ್ಮ ಹುಡುಗಿ ಕೈಯಲ್ಲಿ ಬ್ರಷ್ ಹಿಡಿದುಕೊಂಡು ಅಲ್ಲೇ ಇದ್ದಳು. ಮೇಲೆ ನೋಡಿದಳು, ಅಲ್ಲಿ ಚಾವಣಿ ಇರಲಿಲ್ಲ.

“ಗಿಳಿ ಇಪ್ಪತ್ತೇಳೇ ಸಾರ್. ಇದು ಶೇಷ.”

ವರ್ಷವಿಡೀ ಅವಳ ಬಾಯಿಂದ ನಾನು ಕೇಳಿದ ಮೊದಲ ಉತ್ತರ ಅದು. ಖುಷಿಗೆ ನನ್ನ ಕಣ್ಣು ಒದ್ದೆಯಾಯಿತು. ಬಣ್ಣದ ವಾಸನೆ ಎಂದು ಸೆರಗಿನಲ್ಲಿ ಒರೆಸಿಕೊಂಡೆ. ಹೆಡ್‌ಮಾಸ್ಟರು ಶೇಷವನ್ನು ಸುಣ್ಣ ಬಳಿದು ಅಳಿಸಬೇಕೆಂದೇ ಬಂದವರು, ಅವಳ ಮುಖ ನೋಡಿ ಆ ಯೋಚನೆ ಬಿಟ್ಟರು.

ಮಕ್ಕಳೇ ಒಂದು ಉಪಾಯ ಮಾಡಿ, ಉಳಿದ ಬಾಲವನ್ನು ಕಬ್ಬಿಣದ ಗೇಟಿನ ಮೇಲೆ ಬರೆದರು. ಈಗ ಗೇಟು ಹಾಕಿದರೆ ಗಿಳಿ ಪೂರ್ತಿ, ತೆಗೆದರೆ ಮುಕ್ಕಾಲು. ತಡವಾಗಿ ಬರುವ ಮಕ್ಕಳನ್ನು ಹೆಡ್‌ಮಾಸ್ಟರು ಬೈಯುವುದನ್ನೇ ಬಿಟ್ಟಿದ್ದಾರೆ. ಗಿಳಿಗೆ ಬಾಲ ಬರೋದ್ರೊಳಗೆ ಒಳಗಿರಬೇಕು ಎನ್ನುತ್ತಾರೆ.

ಒಂದೂಕಾಲು ಪೆನ್ಸಿಲ್

ಅನುಪಾತ ಹೇಳಿಕೊಡಲು ಒಂದು ಶನಿವಾರ ಮಾಕಳಿದುರ್ಗಕ್ಕೆ ಕರೆದುಕೊಂಡು ಹೋದೆ. ಹತ್ತುವುದಕ್ಕಲ್ಲ, ಕೆಳಗೆ ಕೂತು ಬೆಟ್ಟದ ಚಿತ್ರ ಬರೆಯುವುದಕ್ಕೆ. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನು ಬೆಟ್ಟಕ್ಕೆ ಹಿಡಿದು ಎತ್ತರ ಅಗಲ ಅಳೆದುಕೊಳ್ಳಬೇಕು, ಅದೇ ಅಳತೆಯಲ್ಲಿ ಹಾಳೆಯ ಮೇಲೆ ಇಳಿಸಬೇಕು. ಮೂವತ್ತು ಮಕ್ಕಳು ಸಾಲಾಗಿ ಕೂತು ಬೆಟ್ಟಕ್ಕೆ ಕಣ್ಣು ಹೊಡೆಯುತ್ತಿರುವುದನ್ನು ನೋಡಿ ಬೆಂಗಳೂರಿನಿಂದ ಟ್ರೆಕ್ಕಿಂಗಿಗೆ ಬಂದಿದ್ದ ನಾಲ್ಕು ಜನ ಹುಡುಗರು ನಿಂತರು. ಬೆನ್ನಿಗೆ ದೊಡ್ಡ ಚೀಲ, ಬೈಕಿನಲ್ಲಿ ಬಂದೇ ಸುಸ್ತಾಗಿದ್ದರು. ಅವರಲ್ಲೊಬ್ಬ, ಬೆಟ್ಟ ಎಷ್ಟು ಹೈಟಿದೆ ಗುರು ಎಂದು ನಮ್ಮ ಉದ್ದನೆಯ ಹುಡುಗನನ್ನು ಕೇಳಿದ.

ಇವನು ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಹಿಡಿದು, ಗಂಭೀರವಾಗಿ ಅಳೆದ.

“ಇಲ್ಲಿಂದ ಒಂದೂಕಾಲು ಪೆನ್ಸಿಲ್ ಅಣ್ಣ. ಹತ್ರ ಹೋದಷ್ಟೂ ಜಾಸ್ತಿ ಆಗುತ್ತೆ.”

ಟ್ರೆಕ್ಕಿಂಗಿನವನು ಒಮ್ಮೆ ಬೆಟ್ಟ ನೋಡಿದ, ಒಮ್ಮೆ ತನ್ನ ಚೀಲ ನೋಡಿದ. ಹಂಗಾದ್ರೆ ಇಲ್ಲೇ ಕೂತ್ಕೊಂಡು ತಿಂಡಿ ತಿನ್ನೋಣ ಕಣ್ರೋ ಎಂದು ಚೀಲ ಇಳಿಸಿಯೇಬಿಟ್ಟ.

ಅರ್ಜಿಗೆ ಆರು ಮುಖ

ನಾನು ಹೆದರುತ್ತಿದ್ದ ಕಾಗದ ಕೊನೆಗೂ ಬಂತು. ತಂದವರು ಬೇರೆ ಯಾರೂ ಅಲ್ಲ, ಚಾವಣಿ ಹುಡುಗಿಯ ಅಪ್ಪ. ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಶನಿವಾರ ಮಧ್ಯಾಹ್ನದ ಶಿಫ್ಟಿಗೆ ಹೋಗುವ ಮೊದಲು ಯೂನಿಫಾರಂ ಹಾಕಿಕೊಂಡೇ ನಾವು ಪಾಠಕ್ಕೆ ಕೂರುವ ಅರಳಿಮರದ ಕೆಳಗೆ ಬಂದರು. ಮಗಳು ಮನೆಯಲ್ಲಿ ಇದ್ದಬದ್ದ ಪೇಪರೆಲ್ಲ ಮಡಿಚುತ್ತಾಳೆ, ಪುಸ್ತಕ ಮುಟ್ಟುವುದಿಲ್ಲ, ಇದು ಪಾಠವೋ ಆಟವೋ ಎಂದು ಒಂದು ಹಾಳೆ ತುಂಬ ಬರೆದಿದ್ದರು. ಹೆಡ್‌ಮಾಸ್ಟರು ತಾಲ್ಲೂಕು ಕಚೇರಿಗೆ ಹೋಗಿದ್ದರು. ಕಾಯುತ್ತೇನೆ ಎಂದು ಅವರು ಮಕ್ಕಳ ಪಕ್ಕದಲ್ಲೇ ಕೂತರು.

ಅವತ್ತಿನ ಪಾಠ ಘನ. ಒಂದೇ ಹಾಳೆ ಮಡಿಚಿ ಆರು ಮುಖದ ಡಬ್ಬಿ ಮಾಡುವುದು. ಅರ್ಜಿಯ ಚಿಂತೆಯಲ್ಲಿ ನನ್ನ ಡಬ್ಬಿ ಒಂದು ಕಡೆ ವಾಲಿಕೊಂಡು ನಿಂತಿತ್ತು, ಮಕ್ಕಳ ಡಬ್ಬಿಯೂ ಹಾಗೇ. ಅವರು ಸ್ವಲ್ಪ ಹೊತ್ತು ಮುಖ ಬಿಗಿದುಕೊಂಡು ನೋಡಿದರು. ಆಮೇಲೆ ತಡೆಯಲಾಗಲಿಲ್ಲ ಎಂದು ಕಾಣುತ್ತದೆ, ಮಗಳ ಕಡೆ ತಿರುಗಿದರು.

“ಹಂಗಲ್ಲ ಕಣಮ್ಮ. ಮೊದ್ಲು ಗೆರೆ ಒತ್ಕೋಬೇಕು, ಆಮೇಲೆ ಮಡಿಚ್ಬೇಕು.”

ಅವರು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ವಿಭಾಗದವರಂತೆ. ದಿನವಿಡೀ ರಟ್ಟಿನ ಡಬ್ಬಿ ಮಡಿಚುವುದೇ ಕೆಲಸ. ಕೈಗೆ ಸಿಕ್ಕ ಹಾಳೆ ತೆಗೆದುಕೊಂಡು, ಉಗುರಿನಲ್ಲಿ ಗೆರೆ ಒತ್ತಿ, ನಾಲ್ಕು ಮೂಲೆ ಕುಯ್ದು, ಗಳಿಗೆಯಲ್ಲಿ ಡಬ್ಬಿ ಎತ್ತಿ ನಿಲ್ಲಿಸಿದರು. ಒಂದು ಮುಖಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಮಕ್ಕಳು ಸುತ್ತ ಮುತ್ತಿಕೊಂಡರು. ಮಗಳು ಅಪ್ಪನನ್ನು ಹೊಸಬರನ್ನು ನೋಡುವ ಹಾಗೆ ನೋಡುತ್ತಿದ್ದಳು. ಶಿಫ್ಟಿನ ಬಸ್ಸು ಹಾರ್ನ್ ಹೊಡೆಯುವವರೆಗೂ ಅವರೇ ಪಾಠ ಮಾಡಿದರು, ನಾನು ಮಕ್ಕಳ ಜೊತೆ ಕೂತು ಕಲಿತೆ.

ಎದ್ದು ಜೇಬು ತಡಕಿದರು. ಅರ್ಜಿ ಇಲ್ಲ. ಮೊದಲು ಮಾಡಿದ ಡಬ್ಬಿಯನ್ನು ತಿರುಗಿಸಿ ನೋಡಿದರೆ ಒಂದು ಮುಖದಲ್ಲಿ ‘ಮಾನ್ಯರೇ’ ಎಂದಿತ್ತು, ಎದುರಿನ ಮುಖದಲ್ಲಿ ‘ಸೂಕ್ತ ಕ್ರಮ’ ಎಂದಿತ್ತು. ಅವರು ನಕ್ಕುಬಿಟ್ಟರು. ಇದನ್ನ ಬಿಚ್ಚಿದ್ರೆ ಪಾಪ ಡಬ್ಬಿ ಹಾಳಾಗುತ್ತೆ, ಇರ್ಲಿ ಬಿಡಿ ಮೇಡಮ್ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಇನ್ನೊಂದು ಮಾತು ಕೂಗಿ ಹೇಳಿದರು.

“ಜೆರಾಕ್ಸ್ ಕಾಪಿ ನಿನ್ನೇನೇ ಬಿ.ಇ.ಓ. ಆಫೀಸಿಗೆ ಕೊಟ್ಬಿಟ್ಟಿದೀನಿ ಮೇಡಮ್, ಬೇಜಾರು ಮಾಡ್ಕೋಬೇಡಿ.”

ಒಂದು ‘ಮ’ ಕಡಿಮೆ

ಜೆರಾಕ್ಸ್ ತನ್ನ ಕೆಲಸ ಮಾಡಿತು. ಬರುವ ಶನಿವಾರ ತಾಲ್ಲೂಕಿನ ಶಿಕ್ಷಣಾಧಿಕಾರಿ ಸಾಹೇಬರು ಖುದ್ದಾಗಿ ಬಂದು ಹೊರಗಿನ ಪಾಠ ನೋಡುತ್ತಾರೆ, ನೋಡಿ ತೀರ್ಮಾನ ಮಾಡುತ್ತಾರೆ ಎಂದು ಫೋನು ಬಂತು. ಹೆಡ್‌ಮಾಸ್ಟರಿಗೆ ಬಿ.ಪಿ. ಮಾತ್ರೆ ಎರಡಾಯಿತು. ಗೇಟಿನಾಚೆ ನಿಂತು ಉತ್ತರ ಹೇಳಲು ಕಲಿತ ಹುಡುಗಿ ಮತ್ತೆ ಕ್ಲಾಸಿನೊಳಗೆ ಹೋಗಿ ಚಾವಣಿ ನೋಡುತ್ತಾಳೆ ಎನ್ನುವುದೇ ನನ್ನ ಸಂಕಟ.

ಸಮಮಿತಿ ತೋರಿಸೋಣ ಎಂದುಕೊಂಡೆ. ಒಂದು ಚಿತ್ರದ ನಡುವೆ ಗೆರೆ ಎಳೆದರೆ ಎರಡು ಕಡೆಯೂ ಕನ್ನಡಿ ಹಿಡಿದ ಹಾಗೆ ಒಂದೇ ಥರ ಇರಬೇಕು, ಅದು ಸಮಮಿತಿ. ಅರಳಿಮರದ ಕೆಳಗೆ ಸುಣ್ಣದಲ್ಲಿ ಒಂದು ಗೆರೆ ಎಳೆಯುವುದು, ಮಕ್ಕಳು ಎರಡು ಗುಂಪಾಗಿ ಆಚೆ ಈಚೆ ಹೂವಿನ ಚಿತ್ರ ತುಂಬುವುದು. ಪೋಷಕರೂ ಬಂದರೆ ಸಾಹೇಬರಿಗೆ ಒಳ್ಳೆಯ ಅಭಿಪ್ರಾಯ ಬರುತ್ತದೆ ಎಂದು ಶಾಲೆಯ ಬೋರ್ಡಿನ ಮೇಲೆ ನನ್ನ ಕೈಯಾರೆ ಬರೆದೆ: ‘ಶನಿವಾರ ಬೆಳಿಗ್ಗೆ ಅರಳಿಮರದ ಕೆಳಗೆ ಸಮಮಿತಿ ರಚನೆ. ಪೋಷಕರು ತಪ್ಪದೆ ಬರಬೇಕು.’

ನಾನು ಬರೆದದ್ದು ಸಮಮಿತಿ. ಊರು ಓದಿದ್ದು ಸಮಿತಿ. ಶಾಲೆಯ ಪೋಷಕರ ಸಮಿತಿಯ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಹೊಸ ಅಧ್ಯಕ್ಷ ಮೇಲಿನ ಬೀದಿಯವನಾಗಬೇಕೋ ಕೆಳಗಿನ ಬೀದಿಯವನಾಗಬೇಕೋ ಎಂಬ ಜಗಳಕ್ಕೆ ಹೆದರಿ ಹೆಡ್‌ಮಾಸ್ಟರು ದಿನ ತಳ್ಳುತ್ತಿದ್ದರು. ನಾನು ಬೋರ್ಡು ಬರೆದು ಆ ಜಗಳಕ್ಕೆ ಮುಹೂರ್ತ ಇಟ್ಟಿದ್ದೆ.

ಶನಿವಾರ ಹೋಗಿ ನೋಡುತ್ತೇನೆ, ಮರದ ಆ ಕಡೆ ಮೇಲಿನ ಬೀದಿ, ಈ ಕಡೆ ಕೆಳಗಿನ ಬೀದಿ. ಇಸ್ತ್ರಿ ಮಾಡಿದ ಬಿಳಿ ಅಂಗಿಗಳು, ಎರಡು ಕಡೆಯೂ ಮುಚ್ಚಿಟ್ಟ ಒಂದೊಂದು ಹಾರ. ನಾನು ಬೆಳಗ್ಗೆಯೇ ಎಳೆಸಿದ್ದ ಸುಣ್ಣದ ಗೆರೆಯನ್ನು ಎರಡು ಪಕ್ಷಕ್ಕೂ ಗಡಿ ಎಂದುಕೊಂಡು ಒಬ್ಬರೂ ತುಳಿದಿರಲಿಲ್ಲ. ಏನಾಗಿದೆ ಎಂದು ನನಗೆ ಹೊಳೆಯುವುದಕ್ಕೂ ಸಾಹೇಬರ ಜೀಪು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಹೆಡ್‌ಮಾಸ್ಟರು ಮರಕ್ಕೆ ಒರಗಿದವರು ಅಲ್ಲೇ ಉಳಿದರು. ಈಗ ಸತ್ಯ ಹೇಳಿದರೆ ಗಲಾಟೆ, ಹೇಳದಿದ್ದರೂ ಗಲಾಟೆ. ಏನೂ ತೋಚದೆ ಮಕ್ಕಳಿಗೆ ಶುರು ಮಾಡಿ ಎಂದೆ.

ಅವು ಬುಟ್ಟಿಯಿಂದ ಚೆಂಡುಹೂವು, ಸೇವಂತಿಗೆ ತೆಗೆದು ಗೆರೆಯ ಆಚೆ ಈಚೆ ಜೋಡಿಸತೊಡಗಿದವು. ಜನ ಮೊದಲು ಅಲಂಕಾರ ಎಂದುಕೊಂಡು ಸುಮ್ಮನೆ ನಿಂತಿದ್ದರು. ಅಷ್ಟರಲ್ಲಿ ಮೇಲಿನ ಬೀದಿಯ ಒಬ್ಬ ಹಿರಿಯರು, ಕೋಲು ಊರಿಕೊಂಡು ಮುಂದೆ ಬಂದು ಬಗ್ಗಿ ನೋಡಿದರು.

“ತಾಳಿ ತಾಳಿ. ಅವರ ಕಡೆ ಒಂದು ಹೂವು ಜಾಸ್ತಿ ಬಿದ್ದದೆ.”

ನೋಡಿದರೆ ನಿಜ. ಮಕ್ಕಳು ಮೇಲಿನ ಬೀದಿಯ ಕಡೆಗೂ ಒಂದು ಇಟ್ಟರು. ಕೆಳಗಿನ ಬೀದಿಯವರು ಬಿಟ್ಟಾರೆಯೇ? ಅವರದು ಗೆರೆಗೆ ಹತ್ತಿರ ಇದೆ, ನಮ್ಮದು ದೂರ ಇದೆ ಎಂದು ತಕರಾರು ತೆಗೆದರು. ಗೇಣು ಹಾಕಿ ಅಳೆದರು, ಸರಿಪಡಿಸಿದರು. ಇವರ ಎಲೆಯ ತುದಿ ಆ ಕಡೆ ನೋಡುತ್ತಿದ್ದರೆ ಅವರ ಎಲೆಯ ತುದಿ ಈ ಕಡೆ ನೋಡಬೇಕು ಎಂದಾಯಿತು. ಎರಡು ಬೀದಿಯ ಹಿರಿಯರೂ ಪಂಚೆ ಎತ್ತಿಕಟ್ಟಿ ಮಂಡಿಯೂರಿ ಕೂತು ಒಂದೊಂದು ಎಸಳನ್ನೂ ಕಾದರು. ಹದಿನೆಂಟು ವರ್ಷದಲ್ಲಿ ಅಷ್ಟು ಕರಾರುವಾಕ್ಕಾದ ಸಮಮಿತಿಯನ್ನು ನಾನು ಪುಸ್ತಕದಲ್ಲೂ ನೋಡಿಲ್ಲ.

ಸಾಹೇಬರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಕೋಲಿನ ಹಿರಿಯರ ಪಕ್ಕ ಕೂತು, ಇಲ್ಲಿ ಏನು ನಡೀತಿದೆ ಯಜಮಾನ್ರೆ ಎಂದು ಮೆಲ್ಲಗೆ ಕೇಳಿದರು. ಹಿರಿಯರು, ಎರಡೂ ಕಡೆ ಸಮ ಇರಬೇಕು ಸಾರ್, ಒಂದು ಎಸಳು ಹೆಚ್ಚುಕಮ್ಮಿ ಆದರೂ ನಾವು ಒಪ್ಪಲ್ಲ ಎಂದರು. ಪಕ್ಕದಲ್ಲೇ ಇದ್ದ ಪಠ್ಯಪುಸ್ತಕದಲ್ಲೂ ಹೆಚ್ಚುಕಡಿಮೆ ಅದನ್ನೇ ಬರೆದಿತ್ತು. ಸಾಹೇಬರು ಸಂತೋಷದಿಂದ ಭೇಟಿ ಪುಸ್ತಕ ತರಿಸಿಕೊಂಡು ಪೆನ್ನು ತೆಗೆದರು.

ಇನ್ನೇನು ಬರೆಯಬೇಕು, ಹಿರಿಯರು ಸೊಂಟ ಹಿಡಿದುಕೊಂಡು ಎದ್ದು ನಿಂತು ನನ್ನನ್ನು ಕೇಳಿದರು.

“ಎಲ್ಲ ಸರಿ ಮೇಡಮ್ನೋರೆ. ಅಧ್ಯಕ್ಷ ಯಾರು ಹೇಳಿ.”

ಎರಡು ಕಡೆಯೂ ಹಾರದ ಮೇಲಿನ ಬಟ್ಟೆ ಸರಿಯಿತು. ಸಾಹೇಬರ ಪೆನ್ನು ಗಾಳಿಯಲ್ಲೇ ನಿಂತಿತು. ಗೆರೆಯ ತುದಿಯಲ್ಲಿ ಹೂವಿನ ಬುಟ್ಟಿ ಹಿಡಿದು ಕೂತಿದ್ದ ನಮ್ಮ ಹುಡುಗಿ, ಪ್ರಶ್ನೆ ತನಗೇ ಕೇಳಿದ್ದು ಎಂದುಕೊಂಡಳೋ ಏನೋ, ಎದ್ದು ನಿಂತಳು.

“ಸಮಮಿತಿಗೆ ಅಧ್ಯಕ್ಷ ಇರಲ್ಲ ತಾತ. ಅಕ್ಷ ಇರುತ್ತೆ.”

“ಅಕ್ಷಾನ? ಯಾವನಮ್ಮ ಅವನು? ನಮ್ಮ ಬೀದಿಯೋನಾ, ಅವರ ಬೀದಿಯೋನಾ?”

ಅವಳು ಸುಣ್ಣದ ಗೆರೆ ತೋರಿಸಿ, ಯಾರ ಕಡೆನೂ ಅಲ್ಲ ತಾತ, ಸರಿಯಾಗಿ ಮಧ್ಯ ಇರುತ್ತೆ, ಅದರಿಂದ ಇಬ್ಬರಿಗೂ ದೂರ ಒಂದೇ ಎಂದಳು. ತಾತ ಗೆರೆ ನೋಡಲಿಲ್ಲ, ಕೆಳಗಿನ ಬೀದಿಯ ಹಿರಿಯರ ಮುಖ ನೋಡಿದರು. ವರ್ಷಗಳಿಂದ ಮಾತು ಬಿಟ್ಟವರು ಇಬ್ಬರೂ. ಅವರ ಬೀದಿಯವನಲ್ಲ ಅಂದಮೇಲೆ ನಮ್ಮದೇನೂ ಅಡ್ಡಿಯಿಲ್ಲ ಎಂದರು ಇವರು. ನಮ್ಮದೂ ಇಲ್ಲ, ಅವನನ್ನೇ ಮಾಡಿ ಎಂದರು ಅವರು. ಎರಡು ಕಡೆಯಿಂದಲೂ ಚಪ್ಪಾಳೆ ಬಿತ್ತು.

ಸಾಹೇಬರು ನಗು ತಡೆದುಕೊಳ್ಳಲು ಕರವಸ್ತ್ರ ಬಾಯಿಗೆ ಒತ್ತಿಕೊಂಡೇ ಬರೆದು, ಸಹಿ ಹಾಕಿ, ಜೀಪು ಹತ್ತಿದರು. ಪುಸ್ತಕ ತೆರೆದು ಹೆಡ್‌ಮಾಸ್ಟರೂ ನಾನೂ ಒಟ್ಟಿಗೆ ಓದಿದೆವು: ‘ಶನಿವಾರದ ಹೊರಗಿನ ಪಾಠ ಮುಂದುವರಿಯಲಿ. ಅಕ್ಷ ಅವಿರೋಧವಾಗಿ ಆಯ್ಕೆಯಾಗಿದೆ.’